ಸಿಮ್ ಕಾರ್ಡ್ ಇಲ್ಲ

ಹೊಸ ಫೋನು ಆನ್ ಆದ ಕೂಡಲೇ ಹೇಳಿದ ಮೊದಲ ಮಾತೇ ಅದು. "ಸಿಮ್ ಕಾರ್ಡ್ ಇಲ್ಲ". ಅಮ್ಮನಿಗೆ ಅನುಕೂಲ ಆಗ್ಲಿ ಅಂತ ಭಾಷೆ ಕನ್ನಡಕ್ಕೆ ಹಾಕಿದ್ದೆ, ಹಾಗಾಗಿ ಬೈಗುಳನೂ ಅಚ್ಚ ಕನ್ನಡದಲ್ಲೇ ಬಂತು. ಇದೆ ಮಾರಾಯ, ಈಗ ತಾನೇ ಹಾಕಿದೀನಿ ಅಂತ ನಾನು. ಇಲ್ಲ ಅಂತ ಅದು. ಆಫ್ ಮಾಡಿ ಆನ್ ಮಾಡಿದೆ. ನಾವು ಓದಿದ ಇಂಜಿನಿಯರಿಂಗಿನ ಸಾರ ಇರೋದೇ ಅಷ್ಟರಲ್ಲಿ ತಾನೆ? ಊಹೂಂ, ಜಪ್ಪಯ್ಯ ಅಂದ್ರೂ ಇಲ್ಲ.

ಇದು 2024ರ ಯುಗಾದಿಯ ಹಿಂದಿನ ದಿನದ ಕತೆ. ಏಪ್ರಿಲ್ 8, ಸೋಮವಾರ, ಅಮಾವಾಸ್ಯೆ. ತಿಪಟೂರು ಹತ್ತಿರದ ನಮ್ಮೂರಿಗೆ ಹಬ್ಬಕ್ಕೆ ಹೋಗಿದ್ದೆ. ಜೊತೆಗೆ ಅಮ್ಮನಿಗೆ ಅಂತ ಎಂಟೂವರೆ ಸಾವಿರದ ಒಂದು ಹೊಸ ಫೋನು. ಅಮ್ಮ ಅಲ್ಲಿವರೆಗೂ ಬಳಸ್ತಿದ್ದಿದ್ದು ಅಪ್ಪನ ಹಳೇ ಬಟನ್ ಫೋನು. ಬ್ಯಾಟರಿ ಊದಿಕೊಂಡು ಹಿಂದಿನ ಮುಚ್ಚಳ ಕೂರ್ತಿರಲಿಲ್ಲ, ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದರು. ಬಟನ್‌ಗಳಲ್ಲಿ ಉಳಿದವೆಲ್ಲ ಪರವಾಗಿಲ್ಲ, 1 ಮತ್ತು 2 ಮಾತ್ರ ಅಕ್ಷರ ಅಳಿಸಿಹೋಗಿ, ಗುಂಡಿ ಬಿದ್ದು, ಉಗುರಲ್ಲಿ ಒತ್ತಿದ್ರೆ ಮಾತ್ರ ಕೆಲಸ ಮಾಡ್ತಿದ್ವು.

ಆ ಎರಡು ಬಟನ್ನೇ ಯಾಕೆ ಸವೆದಿದ್ವು ಅನ್ನೋದನ್ನ ಹೇಳದಿದ್ರೆ ಮುಂದಿನದು ಅರ್ಥ ಆಗಲ್ಲ. ನಮ್ಮ ತೋಟ ಮನೆಯಿಂದ ಒಂದೂಕಾಲು ಕಿಲೋಮೀಟರ್. ತೆಂಗು, ಮಧ್ಯೆ ಹೊಸದಾಗಿ ಹಾಕಿದ ಮುನ್ನೂರು ಅಡಿಕೆ ಸಸಿ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಪಾಳಿ ಮೇಲೆ ಕೊಡ್ತಾರೆ, ಒಂದು ವಾರ ಹಗಲಾದ್ರೆ ಒಂದು ವಾರ ರಾತ್ರಿ. ಅರ್ಧರಾತ್ರಿ ಎದ್ದು ಹೋಗೋದು ಕಷ್ಟ ಅಂತ ಅಪ್ಪ 2017ರಲ್ಲಿ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ರು. ಹಳ್ಳಿ ಕಡೆಯವರಿಗೆ ಇದು ಗೊತ್ತಿರತ್ತೆ, ಪೇಟೆಯವರಿಗೆ ಹೇಳ್ತೀನಿ. ಮೋಟರಿನ ಸ್ಟಾರ್ಟರ್ ಪಕ್ಕ ಒಂದು ಡಬ್ಬಿ, ಅದರೊಳಗೆ ಒಂದು ಸಿಮ್. ಅದರ ನಂಬರಿಗೆ ಫೋನ್ ಮಾಡಿದ್ರೆ ತಾನೇ ಎತ್ತಿಕೊಳ್ಳತ್ತೆ. ನಮ್ಮದರಲ್ಲಿ 1 ಒತ್ತಿದ್ರೆ ಮೋಟರ್ ಶುರು, 2 ಒತ್ತಿದ್ರೆ ಬಂದ್. ಆದ್ರೆ ಯಾರ್ಯಾರೋ ಫೋನ್ ಮಾಡಿದ್ರೆ ಎತ್ತಲ್ಲ. ರಿಜಿಸ್ಟರ್ ಆದ ನಂಬರಿಂದ ಮಾಡಿದ್ರೆ ಮಾತ್ರ. ನಮ್ಮ ಮೋಟರ್ ಮಾತು ಕೇಳೋದು ಒಂದೇ ನಂಬರಿಗೆ, ಅಪ್ಪನ ನಂಬರಿಗೆ.

ಅಪ್ಪ 2021ರಲ್ಲಿ ಹೋದರು. ಮೋಟರಿಗೆ ಅದು ಗೊತ್ತಿಲ್ಲ. ಅಮ್ಮ ಅದೇ ಫೋನು, ಅದೇ ಸಿಮ್ ಇಟ್ಕೊಂಡು ದಿನಾ ಮೋಟರ್ ಹಾಕ್ತಾ, ಆರಿಸ್ತಾ ಮೂರು ವರ್ಷ ತೋಟ ಕಾಪಾಡಿದ್ರು.

ಹಳೇ ಫೋನಿನ ಸಿಮ್ಮು ದೊಡ್ಡದು, ಹೊಸ ಫೋನಿಗೆ ಬೇಕಾದ್ದು ನ್ಯಾನೋ. ಸಿಮ್ ಅಂದ್ರೆ ಹುಟ್ಟಿದಾಗ, 1991ರಲ್ಲಿ, ಎಟಿಎಂ ಕಾರ್ಡಿನಷ್ಟು ದೊಡ್ಡದಿತ್ತು. ಆಮೇಲೆ 25 ಮಿಲಿಮೀಟರ್ ಉದ್ದ 15 ಅಗಲಕ್ಕೆ ಇಳೀತು, ಅದೇ ನಾವು ಬಹಳ ವರ್ಷ ಬಳಸಿದ ಸಿಮ್ಮು. ಆಮೇಲೆ ಮೈಕ್ರೋ, 2012ರಲ್ಲಿ ನ್ಯಾನೋ, 12.3ಕ್ಕೆ 8.8. ಒಳಗಿನ ಚಿಪ್ಪು ಹೆಚ್ಚೂಕಮ್ಮಿ ಅದೇ, ಚಿಕ್ಕದಾಗಿದ್ದು ಸುತ್ತಲಿನ ಪ್ಲಾಸ್ಟಿಕ್ಕು. ಅಂದಮೇಲೆ ಕತ್ತರಿಸಿದ್ರೆ ಆಯ್ತಲ್ಲ! ತಿಪಟೂರಿನ ಯಾವ ಮೊಬೈಲ್ ಅಂಗಡಿಗೆ ಹೋದ್ರೂ ಕಟ್ಟರ್‌ನಲ್ಲಿ ಕಟಕ್ ಅಂತ ಒತ್ತಿ ಇಪ್ಪತ್ತು ರೂಪಾಯಿ ತಗೋತಿದ್ರು. ಆದ್ರೆ ನಾನು ಇಂಜಿನಿಯರ್ ನೋಡಿ. ನನ್ನ ಫೋನಿಂದ ನನ್ನ ಸಿಮ್ ತೆಗೆದು, ಅಪ್ಪನ ಸಿಮ್ ಮೇಲಿಟ್ಟು, ಪೆನ್ನಲ್ಲಿ ಗೆರೆ ಎಳೆದು, ಅಮ್ಮ ಬ್ಲೌಸ್ ಬಟ್ಟೆ ಕತ್ತರಿಸೋ ಕತ್ತರಿಯಲ್ಲಿ ಕತ್ತರಿಸಿದೆ. ಅಂಚನ್ನ ಹೊಸ್ತಿಲ ಹೊರಗಿನ ಕಲ್ಲಿಗೆ ಉಜ್ಜಿದೆ. ಅಮ್ಮ ಪಕ್ಕದಲ್ಲಿ ನಿಂತು "ಏನೂ ಆಗಲ್ಲ ತಾನೆ?" ಅಂತ ಎರಡು ಸಲ ಕೇಳಿದ್ರು. ಏನೂ ಆಗಲ್ಲಮ್ಮ, ಸುಮ್ನಿರು ಅಂದೆ.

"ಸಿಮ್ ಕಾರ್ಡ್ ಇಲ್ಲ".

ಸಿಮ್ ತುಂಡನ್ನ ಹಳೇ ಫೋನಿಗೇ ವಾಪಸ್ ಹಾಕಿ ನೋಡೋಣ ಅಂದ್ರೆ ಅದಕ್ಕೆ ಅಳತೆಯ ಅಡಾಪ್ಟರ್ ಬೇಕು. ಇರಲಿಲ್ಲ. ಸೆಲ್ಲೋಟೇಪ್ ಹಚ್ಚಿ ಅಂದಾಜಲ್ಲಿ ಕೂರಿಸಿದೆ. ಅಲ್ಲೂ ಇಲ್ಲ. ಆಗ ಹೊಟ್ಟೆಯೊಳಗೆ ಏನೋ ತಣ್ಣಗಾಯ್ತು. ಸಿಮ್ ಹಾಳು ಮಾಡಿದೀನಿ.

ಸಿಮ್ ಹೋದ್ರೆ ಇನ್ನೊಂದು ತಗೊಂಡ್ರೆ ಆಯ್ತು ಅಂತೀರಿ. ಸಿಮ್ಮಿನೊಳಗೆ ಒಂದು ಗುಟ್ಟಿನ ಸಂಖ್ಯೆ ಇರತ್ತೆ, ಅದೇ ಸಂಖ್ಯೆ ಕಂಪನಿಯ ಹತ್ತಿರ ಇನ್ನೊಂದು ಪ್ರತಿ. ಸಿಮ್ಮಿನಿಂದ ಅದು ಯಾವತ್ತೂ ಹೊರಗೆ ಬರಲ್ಲ. ಅದರಿಂದ ಲೆಕ್ಕ ಮಾಡಿದ ಉತ್ತರ ಮಾತ್ರ ಬರತ್ತೆ. ಹಾಗಾಗಿ ನಾನಾಗಲಿ ಅಂಗಡಿಯವನಾಗಲಿ ನಕಲು ಮಾಡಕ್ಕಾಗಲ್ಲ. ಹೊಸದನ್ನ ಕಂಪನಿಯೇ ಕೊಡ್ಬೇಕು, ಯಾರ ಹೆಸರಲ್ಲಿದೆಯೋ ಅವರಿಗೇ ಕೊಡ್ಬೇಕು. ಮಾರನೇ ದಿನ ಯುಗಾದಿ, ಅದರ ಮಾರನೇ ದಿನ ಹೊಸತೊಡಕು, ಗುರುವಾರ ರಂಜಾನ್. ಆಫೀಸಿನ ಬಾಗಿಲು ತೆಗೆಸಿದ್ರೂ ಹೆಸರಿನವರನ್ನ ಎಲ್ಲಿಂದ ಕರ್ಕೊಂಡು ಹೋಗಲಿ? ಇನ್ನೊಂದು ತಮಾಷೆ ಅಂದ್ರೆ, ಮೋಟರಿನ ನಂಬರಾಗಲಿ, ಸ್ಟಾರ್ಟರ್ ಹಾಕಿಕೊಟ್ಟ ಮೆಕ್ಯಾನಿಕ್ ನಂಬರಾಗಲಿ ನಮಗೆ ಬಾಯಿಪಾಠ ಇಲ್ಲ. ಎರಡೂ ಇದ್ದಿದ್ದು ಸಿಮ್ಮಿನಲ್ಲಿ.

ಅಮ್ಮ ಬೈದಿದ್ರೆ ಚೆನ್ನಾಗಿರ್ತಿತ್ತು. "ಇರ್ಲಿ ಬಿಡು, ಊಟ ಮಾಡು" ಅಂದ್ರು. ಸ್ವಲ್ಪ ಹೊತ್ತಾದ ಮೇಲೆ, "ರಾತ್ರಿ ಹತ್ತೂವರೆಗೆ ಕರೆಂಟ್ ಬರತ್ತೆ" ಅಂದ್ರು. ಅಷ್ಟೇ.

ಆ ವರ್ಷದ ಬರ ನೆನಪಿರಬೇಕು. 2023ರ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತ್ತು. ನಮ್ಮ ಬೋರಲ್ಲಿ ನೀರು ಬರ್ತಿದ್ದಿದ್ದು ಗಟ್ಟಿಯಾಗಿ ಒಂದೂವರೆ ಗಂಟೆ, ಆಮೇಲೆ ಗಾಳಿ. ಸ್ಟಾರ್ಟರನ್ನ ಆಟೋದಲ್ಲಿ ಬಿಟ್ಟರೆ ಕರೆಂಟ್ ಬಂದ ತಕ್ಷಣ ತಾನೇ ಶುರುವಾಗತ್ತೆ ನಿಜ, ಆದ್ರೆ ನಿಲ್ಲಿಸೋರು ಯಾರು? ನೀರಿಲ್ಲದೆ ಓಡಿದ್ರೆ ಮೋಟರ್ ಸುಟ್ಟು ಹೋಗತ್ತೆ, ರೀವೈಂಡಿಂಗ್ ಮಾಡಿಸೋಕೆ ಮೇಲೆ ಎತ್ತಿಸೋ ಖರ್ಚೇ ಒಂದು ದೊಡ್ಡ ಪ್ರಾಣಸಂಕಟ. ಆದ್ದರಿಂದ ಹಾಕೋಕೂ ಒಬ್ಬರು ಬೇಕು, ಆರಿಸೋಕೂ ಒಬ್ಬರು ಬೇಕು. ಹಾಕದೇ ಇದ್ರೆ ಆ ಬಿಸಿಲಿಗೆ ಅಡಿಕೆ ಸಸಿ ನಾಲ್ಕು ದಿನ ತಡೆಯಲ್ಲ. ನಾನಿರೋ ತನಕ ನಾನು ಹೋಗ್ತೀನಿ. ನಾನು ಬೆಂಗಳೂರು ಬಸ್ ಹತ್ತಿದ ಮೇಲೆ ಅರ್ಧರಾತ್ರಿ ಟಾರ್ಚ್ ಹಿಡ್ಕೊಂಡು ಯಾರು ಹೋಗ್ತಾರೆ ಅಂತ ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಮಾತಾಡಲಿಲ್ಲ.

ಅಮಾವಾಸ್ಯೆ ಕತ್ತಲಲ್ಲಿ ಹೋದೆ. ಬೆಳೆದಿದ್ದು ಅದೇ ಊರಲ್ಲಾದ್ರೂ ಏಳೆಂಟು ವರ್ಷ ಬೆಂಗಳೂರಿನ ಬೀದಿ ದೀಪದಲ್ಲಿ ಓಡಾಡಿದ ಕಾಲಿಗೆ ದಾರಿ ಮರೆತುಹೋಗಿದೆ. ಒಣಗಿದ ತೆಂಗಿನ ಗರಿ ಸರ್ ಅಂದ್ರೂ ಹಾವು. ಹಸಿರು ಬಟನ್ ಒತ್ತಿ, ಮೋಟರ್ ಶೆಡ್ಡಿನ ಕಟ್ಟೆ ಮೇಲೆ ಸೊಳ್ಳೆ ಹೊಡೀತಾ ಒಂದೂವರೆ ಗಂಟೆ ಕೂತು, ಕೆಂಪು ಬಟನ್ ಒತ್ತಿ ಮನೆಗೆ ಬಂದಾಗ ಹನ್ನೆರಡೂವರೆ. ಅಮ್ಮ ಜಗಲಿ ಮೇಲೆ ಕೂತಿದ್ರು.

ಹಬ್ಬದ ದಿನ ಬೇವು ಬೆಲ್ಲ ತಿಂದೆ, ಬೆಲ್ಲದ ರುಚಿ ಗೊತ್ತಾಗಲಿಲ್ಲ. ಬೆಳಗ್ಗೆಯಿಂದ ಸಿಮ್ ಜೊತೆ ಯುದ್ಧ. ಫೈನಲ್ ಇಯರ್ ಪ್ರಾಜೆಕ್ಟ್ ಸ್ಮಾರ್ಟ್ ಕಾರ್ಡ್ ಮೇಲೇ ಮಾಡಿದ್ದೆ, ಹಾಗಾಗಿ ಅರ್ಧಂಬರ್ಧ ಜ್ಞಾನ ಬೇರೆ. ಫೋನು ಸಿಮ್ಮಿಗೆ ಮೊದಲು ವೋಲ್ಟೇಜ್ ಕೊಡತ್ತೆ, ಗಡಿಯಾರದ ಸಂಕೇತ ಕೊಡತ್ತೆ, ಆಮೇಲೆ ರೀಸೆಟ್. ಆಗ ಸಿಮ್ಮು ನಾನು ಇಂಥವನು, ನನ್ನ ಹತ್ರ ಹೀಗೆ ಮಾತಾಡು ಅಂತ ಒಂದು ಸಾಲು ಉತ್ತರ ಕೊಡಬೇಕು. ಆ ಉತ್ತರ ಬಂದ್ರೆ ಉಂಟು, ಬರದಿದ್ರೆ ಫೋನಿನ ಪಾಲಿಗೆ ಸಿಮ್ಮೇ ಇಲ್ಲ. ಯಾಕೆ ಉತ್ತರ ಬರ್ತಿಲ್ಲ? ಮೊದಲನೇ ತಲೆಮಾರಿನ ಸಿಮ್‌ಗಳು 5 ವೋಲ್ಟಿನವು, ಈಗಿನ ಫೋನುಗಳು ಕೊಡೋದು 1.8 ಅಥವಾ 3. ಅದೇ ಇರಬೇಕು ಅಂದುಕೊಂಡೆ. ಆದ್ರೆ ಅಪ್ಪ ಸಿಮ್ ತಗೊಂಡಿದ್ದು ಅಷ್ಟು ಹಳೇ ಕಾಲದಲ್ಲಲ್ಲ. ಮತ್ತೆ ದಪ್ಪ. ಹಳೇ ಸಿಮ್ಮಿನ ದಪ್ಪ 0.76 ಮಿಲಿಮೀಟರ್, ನ್ಯಾನೋದು 0.67. ಸರಿ, ಹಿಂಭಾಗ ಇನ್ನೊಂದಷ್ಟು ಉಜ್ಜಿದೆ. ಚಿನ್ನದ ಬಣ್ಣದ ಭಾಗಕ್ಕೆ ಪೆನ್ಸಿಲ್ ಅಳಿಸೋ ರಬ್ಬರ್ ಹಾಕಿದೆ. ಒಂದು ಸಲ ಹಿಂದೆ ಕಾಗದ ಇಟ್ಟೆ, ಒಂದು ಸಲ ತೆಗೆದೆ. ಪಕ್ಕದ ಮನೆಯ ಹುಡುಗ ಬಂದು ನೋಡಿ "ಉಫ್ ಅಂತ ಊದಿ ಅಣ್ಣಾ" ಅಂದ. ಅದನ್ನೂ ಮಾಡಿದೆ :)

ನಿಮ್ಮ ಫೋನಿಗೆ ಹಾಕಿ ನೋಡೋದಲ್ವಾ ಅಂತ ನೀವು ಆಗಿನಿಂದ ಕೇಳ್ತಿದೀರಿ, ಗೊತ್ತು. ನನ್ನ ಫೋನಲ್ಲಿ ಎರಡನೇ ಸಿಮ್ಮಿನ ಜಾಗ ಖಾಲಿಯೇ ಇತ್ತು. ಆದ್ರೆ ಆ ವಾರ ಆಫೀಸಿನಲ್ಲಿ ನನ್ನದು ಆನ್-ಕಾಲ್ ಸರದಿ. ಏನಾದ್ರೂ ಕೆಟ್ಟರೆ ಹದಿನೈದು ನಿಮಿಷದಲ್ಲಿ ಫೋನ್ ಎತ್ತಬೇಕು ಅನ್ನೋ ಒಪ್ಪಂದದ ಮೇಲೆ ಊರಿಗೆ ಬಂದಿದ್ದೆ. ಕಲ್ಲಿಗೆ ಉಜ್ಜಿದ ಒರಟು ದಪ್ಪ ತುಂಡು ಒಳಗೆ ಸಿಕ್ಕಿಹಾಕ್ಕೊಂಡು ನನ್ನ ಫೋನೂ ಹೋದ್ರೆ? ಆ ಹೆದರಿಕೆ. ಅಪ್ಪನ ಸಿಮ್ಮು ಕತ್ತರಿಸೋವಾಗ ಬರದಿದ್ದ ಹೆದರಿಕೆ, ಮ್ಯಾನೇಜರ್ ಫೋನ್ ತಪ್ಪಿಹೋಗತ್ತೆ ಅನ್ನೋದಕ್ಕೆ ಬಂದಿತ್ತು. ಬರೆಯೋಕೆ ನಾಚಿಕೆ ಆಗತ್ತೆ, ಆದ್ರೆ ನಿಜ. ಆ ವಾರ ಆಫೀಸಿಂದ ಒಂದು ಫೋನೂ ಬರಲಿಲ್ಲ ಅನ್ನೋದು ಬೇರೆ ಮಾತು.

ಎರಡನೇ ರಾತ್ರಿ ಮತ್ತೆ ಶೆಡ್ಡು. ಮೋಟರ್ ಹಾಕಿ ಕಟ್ಟೆ ಮೇಲೆ ಕೂತಿದ್ದೆ. ಪೈಪಿನಿಂದ ನೀರು ಬೀಳೋ ಸದ್ದು. ನಮ್ಮ ಟೀಮಿಗೆ ಹೊಸದಾಗಿ ಬಂದ ಹುಡುಗರಿಗೆ ನಾನು ಹೇಳೋ ಮಾತೊಂದಿದೆ. ಏನಾದ್ರೂ ಕೆಟ್ಟಾಗ ನಿನಗೆ ಖಂಡಿತ ಸರಿ ಇದೆ ಅಂತ ಗೊತ್ತಿರೋದನ್ನ ಮೊದಲು ಹಾಕಿ ನೋಡು, ವಾಪಸ್ ತರಕ್ಕಾಗದ ಕೆಲಸ ಕೊನೇಗೆ ಮಾಡು. ಅದು ನೆನಪಾಗಿ ನಗು ಬಂತು. ನಗ್ತಾ ನಗ್ತಾ ತಟ್ಟನೆ ನಿಂತೆ. ಆ ಹೊಸ ಫೋನಿಗೆ ಸರಿ ಇರೋ ಒಂದು ಸಿಮ್ಮನ್ನ ನಾನು ಒಂದು ಸಲಾನಾದ್ರೂ ಹಾಕಿದೀನಾ? ಇಲ್ಲ! ಡಬ್ಬಿಯ ಸೀಲ್ ಒಡೆದವನು ನಾನೇ, ಹೊಸದು ಅಂದ್ಮೇಲೆ ಸರಿ ಇರಲೇಬೇಕು ಅಂತ ನಂಬಿಬಿಟ್ಟಿದ್ದೆ. ನನ್ನದೇ ಸಿಮ್ಮು ಸೋಮವಾರ ಸಂಜೆ ಐದು ನಿಮಿಷ ನನ್ನ ಕೈಯಲ್ಲಿತ್ತು. ಅದನ್ನ ಅಳತೆಪಟ್ಟಿ ಥರ ಬಳಸಿ ಗೆರೆ ಎಳೆದಿದ್ದೆ.

ಮೋಟರನ್ನ ಹಾಗೇ ಬಿಟ್ಟು ಮನೆಗೆ ಓಡಿದೆ. ಹಾವಿನ ನೆನಪೂ ಬರಲಿಲ್ಲ. ಅಮ್ಮ ಗಾಬರಿಯಾಗಿ ಎದ್ದು ಬಂದ್ರು. ನನ್ನ ಸಿಮ್ ತೆಗೆದು ಹೊಸ ಫೋನಿಗೆ ಹಾಕಿದೆ. "ಸಿಮ್ ಕಾರ್ಡ್ ಇಲ್ಲ". ಆ ಮೂರು ಪದ ನೋಡಿ ಅಷ್ಟು ಖುಷಿ ಪಟ್ಟವನು ಪ್ರಪಂಚದಲ್ಲಿ ನಾನೊಬ್ಬನೇ ಇರಬೇಕು. ಆಮೇಲೆ ದೇವರ ಮೇಲೆ ಭಾರ ಹಾಕಿ ಅಪ್ಪನ ತುಂಡನ್ನ ನನ್ನ ಫೋನಿನ ಖಾಲಿ ಜಾಗಕ್ಕೆ ಇಟ್ಟು ತಳ್ಳಿದೆ. ಸ್ವಲ್ಪ ಬಿಗಿ ಅನ್ನಿಸ್ತು, ಹೋಯ್ತು. ಹತ್ತು ಸೆಕೆಂಡ್ ಏನೂ ಇಲ್ಲ. ಆಮೇಲೆ ಒಂದು ಕಡ್ಡಿ, ಎರಡು, ಮೂರು. ಟಿಣ್ ಟಿಣ್ ಅಂತ ಎರಡು ದಿನದ ಮೆಸೇಜುಗಳು. ಗ್ಯಾಸ್ ಸಬ್ಸಿಡಿ, ಯಾವುದೋ ಸಾಲದ ಆಮಿಷ, ಚಿಕ್ಕಮ್ಮನ ಮಿಸ್ಡ್ ಕಾಲ್.

ಸಿಮ್ಮಿನ ನಂಬರ್ ಪಟ್ಟಿ ತೆಗೆದು "ಮೋಟರ್" ಅಂತಿದ್ದಿದ್ದಕ್ಕೆ ಫೋನ್ ಮಾಡಿದೆ. ಎತ್ತಿಕೊಳ್ತು. 2 ಒತ್ತಿದೆ. ಅಷ್ಟು ದೂರಕ್ಕೆ ಮೋಟರ್ ನಿಂತ ಸದ್ದು ಎಲ್ಲಿ ಕೇಳಬೇಕು, ಆದ್ರೂ ಇಬ್ಬರೂ ಉಸಿರು ಬಿಗಿಹಿಡಿದು ತೋಟದ ಕಡೆ ಕಿವಿ ಕೊಟ್ಟು ನಿಂತಿದ್ವಿ.

ಆಮೇಲೆ ನಿದ್ದೆ ಬರಲಿಲ್ಲ. ಮತ್ತೇನಾದ್ರೂ ಆದ್ರೆ ಅಂತ ಆ ಪಟ್ಟಿನ ಒಂದು ನೋಟ್‌ಬುಕ್ಕಿಗೆ ಇಳಿಸೋಣ ಅಂತ ಕೂತ್ವಿ. ನಾನು ಓದೋದು, ಅಮ್ಮ ಬರ್ಕೊಳ್ಳೋದು. ಒಟ್ಟು 43 ಹೆಸರು. ಸಿಮ್ಮಿನಲ್ಲಿ ಹೆಸರಿಗೆ ಜಾಗ ಹತ್ತು ಹದಿನೈದು ಅಕ್ಷರ ಅಷ್ಟೇ, ಅಪ್ಪ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ತುರುಕಿದ್ರು. ಹಾಲು. ಲೈನ್‌ಮನ್. ಲೈನ್‌ಮನ್ ಹಳೆ. ಕೊಬ್ಬರಿ ಮಂಡಿ. ಕಾಯಿ ಕೀಳೋನು. ಕಾಯಿ ಕೀ 2. ಒಂದು ಕಡೆ "ಸಾಲ 1", ಅದರ ಕೆಳಗೆ "ಸಾಲ 2". ನನಗೆ ಎದೆ ಝಲ್ ಅಂತು. ಮೂರು ವರ್ಷ ಆದ್ಮೇಲೆ ಇದೇನು ಹೊಸ ಲೆಕ್ಕ ಅಂತ ಅಮ್ಮನ ಮುಖ ನೋಡಿದೆ.

"ಒಂದನೇದು ನಾವು ಕೊಡ್ಬೇಕಾಗಿದ್ದು. ನಿನ್ನ ಇಂಜಿನಿಯರಿಂಗ್ ಫೀಸಿಗೆ ತಂದಿದ್ದು. ತೀರ್ಸಿ ಆಯ್ತು" ಅಂದ್ರು.

"ಎರಡನೇದು?"

"ಅದು ನಮಗೆ ಬರ್ಬೇಕಾಗಿದ್ದು. ಅವನು ಫೋನ್ ಎತ್ತಲ್ಲ. ನಿಮ್ಮಪ್ಪ ತಿಂಗಳಿಗೊಂದ್ಸಲ ಮಾಡೋರು, ನಾನೂ ಮಾಡ್ತೀನಿ."

ಫೀಸಿಗೆ ಸಾಲ ತಂದಿದ್ದು ನನಗೆ ಗೊತ್ತಿರಲಿಲ್ಲ. ಕೊಬ್ಬರಿ ಮಾರಿದ ದುಡ್ಡು ಅಂತ ಹೇಳಿದ್ರು ಅಪ್ಪ. ಯಾರು, ಎಷ್ಟು ಅಂತ ಕೇಳಬೇಕು ಅನ್ನಿಸ್ತು, ಅಮ್ಮ ಆಗಲೇ "ಮುಂದೆ ಓದು" ಅಂದ್ರು. ಮುಂದೆ "ಮಗ ಹಾಸ್ಟೆಲ್", "ಮಗ ಬೆಂಗ್", "ಮಗ ಆಫೀಸ್". ಕೊನೇದು ನಾನು 2018ರಲ್ಲಿ ಸೇರಿದ ಮೊದಲ ಕಂಪನಿಯ ಲ್ಯಾಂಡ್‌ಲೈನು. ತುರ್ತು ಇದ್ದರೆ ಇರ್ಲಿ ಅಂತ ಒಂದು ಸಲ ಕೊಟ್ಟಿದ್ದೆ. ಆ ನಂಬರಿಗೆ ಅಪ್ಪ ಒಂದು ಸಲಾನೂ ಫೋನ್ ಮಾಡಿರಲಿಲ್ಲ.

ಬುಧವಾರ ಹೊಸತೊಡಕು, ಅವತ್ತು ನಮ್ಮ ಕಡೆ ಯಾವ ಕೆಲಸ ಆಗತ್ತೆ ಹೇಳಿ. ಶುಕ್ರವಾರ ಅಮ್ಮನ್ನ ಕರ್ಕೊಂಡು ಕಂಪನಿಯ ಆಫೀಸಿಗೆ ಹೋದೆ. ಮರಣ ಪ್ರಮಾಣಪತ್ರ, ಅಮ್ಮನ ಆಧಾರ್, ನನ್ನ ಅಭ್ಯಂತರ ಇಲ್ಲ ಅನ್ನೋ ಪತ್ರ. ಕೌಂಟರಿನ ಹುಡುಗಿ ನಂಬರ್ ಹೊಡೆದು ನೋಡಿ, ಇನ್ನೂ ಕಾಗದ ನೋಡಿರಲಿಲ್ಲ, "ಕಸ್ಟಮರ್ ಬಂದಿದಾರಾ? ಅವರೇ ಬರ್ಬೇಕು" ಅಂದಳು. ನಾನು ಬಾಯಿ ತೆಗೆಯೋದ್ರೊಳಗೆ ಅಮ್ಮ "ಅವರಿಲ್ಲಮ್ಮ. ನಾನು ಬಂದಿದೀನಿ" ಅಂದ್ರು. ಹುಡುಗಿ ತಲೆ ಎತ್ತಿ ನೋಡಿದವಳು ಕುರ್ಚಿ ತೋರಿಸಿ ಕೂತ್ಕೊಳ್ಳಿ ಅಂದಳು. ಫೋಟೋ ತೆಗೆದರು, ಹೆಬ್ಬೆಟ್ಟು ಒತ್ತಿಸಿದ್ರು. ನಂಬರ್ ಅದೇ, ಹೆಸರು ಅಮ್ಮನದು, ಸಿಮ್ ಹೊಸದು. ಒಂದು ದಿನ ಮೆಸೇಜ್ ಬರಲ್ಲ, ಸಿಮ್ ಬದಲಾಯಿಸಿ ಮೋಸ ಮಾಡೋರಿಗೆ ತಡೆ ಹಾಕೋಕೆ ಹಾಗೆ ನಿಯಮ ಅಂತ ಹೇಳಿ ಕಳಿಸಿದ್ರು. ಹಳೇ ತುಂಡನ್ನ ವಾಪಸ್ ಇಸ್ಕೊಂಡು ಬಂದೆ.

ಫೋನಿನ ಕತೆ ಸರ್ವೀಸ್ ಸೆಂಟರಿನಲ್ಲಿ ಮುಗೀತು. ಅಲ್ಲಿನವನು ಒಳಗೆ ಲೈಟ್ ಬಿಟ್ಟು ನೋಡಿ "ಎರಡು ಪಿನ್ ಬಗ್ಗಿದೆ ಸಾರ್. ಕಟ್ ಮಾಡಿದ ಸಿಮ್ ಹಾಕಿದ್ರಾ?" ಅಂದ. ಹಾಕಿದ್ದೆ. "ಹಾಗಾದ್ರೆ ವಾರಂಟಿ ಬರಲ್ಲ." ಫೋನು ಬರ್ತಾನೇ ಕೆಟ್ಟಿತ್ತೋ, ನಾನು ತಳ್ಳಿದ ದಪ್ಪ ತುಂಡಿಗೇ ಪಿನ್ನು ಬಗ್ಗಿತೋ? ಮೊದಲೇ ನನ್ನ ಸಿಮ್ ಹಾಕಿ ನೋಡಿದ್ರೆ ಗೊತ್ತಾಗ್ತಿತ್ತು. ಈಗ ದೇವರಿಗೇ ಗೊತ್ತು. ಜಗಳ ಆಡೋಕೆ ನನ್ನ ಹತ್ರ ಸಾಕ್ಷಿ ಇರಲಿಲ್ಲ. ಎಂಟು ನೂರೈವತ್ತು ಕೊಟ್ಟು ರಿಪೇರಿ ಮಾಡಿಸಿದೆ. ಎಷ್ಟಾಯ್ತು ಅಂತ ಅಮ್ಮ ಕೇಳಿದಾಗ ವಾರಂಟಿಯಲ್ಲಿ ಆಯ್ತು ಅಂದೆ. ಕೊಬ್ಬರಿ ಮಾರಿದ ದುಡ್ಡು ಅಂದ ಹಾಗೆ.

ಭಾನುವಾರ ಬೆಂಗಳೂರಿಗೆ ವಾಪಸ್ ಬಂದೆ. ಆ ರಾತ್ರಿ ಹತ್ತು ಮುಕ್ಕಾಲಿಗೆ ಫೋನು. ತೆರೆ ಮೇಲೆ "ಅಪ್ಪ" ಅಂತ ಬಂತು, ಇನ್ನೂ ಬದಲಾಯಿಸಿಲ್ಲ. ಎತ್ತಿದೆ.

"ಮೋಟರಿಗೆ ಫೋನ್ ಮಾಡಿದೆ ಕಣೋ, ಎತ್ಕೊಳ್ತು. ಕಿವಿಗಿಟ್ಟರೆ ಎಲ್ಲಾ ಕಪ್ಪಾಗ್ಬಿಡತ್ತೆ. ಇದರಲ್ಲಿ ಒಂದು ಎಲ್ಲಿದ್ಯೋ?"

ಕಿವಿಯಿಂದ ದೂರ ಹಿಡ್ಕೋಮ್ಮ, ಚುಕ್ಕೆ ಚುಕ್ಕೆ ಇರೋ ಚಿತ್ರ ಕಾಣತ್ತಾ, ಅದನ್ನ ಒತ್ತು ಅಂತ ಹೇಳಿಕೊಟ್ಟೆ. ಚುಕ್ಕೆ ಕಾಣ್ತು. ಒಂದೂ ಕಾಣ್ತು. ಒತ್ತಿದ್ರು. ಏನೂ ಆಗಲಿಲ್ಲ, ಅವರು ಮಾತಾಡ್ತಿದ್ದಿದ್ದು ನನ್ನ ಜೊತೆ ಅಲ್ವಾ :) ನನ್ನ ಕಿವಿಯಲ್ಲಿ ಕುಂಯ್ ಅಂತು. ಇಟ್ಟು ಮತ್ತೆ ಮೋಟರಿಗೆ ಮಾಡು ಅಂದೆ. ಹತ್ತು ನಿಮಿಷ ಬಿಟ್ಟು ಮಿಸ್ಡ್ ಕಾಲ್ ಬಂತು. ನೀರು ಬಂತು ಅಂತ ಅರ್ಥ.